ನಾಲ್ಕೇ ಊರಿನ ರಾಜ್ಯ

ಊರು ಕಟ್ಟಿ ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 5 ಆಡಲು ಕೂತರೆ ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಭಾರತವನ್ನು. ಕಟ್ಟುವುದು ನಾಲ್ಕೇ ಊರು. ಪಕ್ಕದ ರಾಜ ಹತ್ತು ಹನ್ನೆರಡು ಊರು ಇಟ್ಟುಕೊಂಡು ಮೆರೆಯುತ್ತಿರುತ್ತಾನೆ. ವಿಜ್ಞಾನದಲ್ಲಿ ಮಾತ್ರ ಸಾಮಾನ್ಯವಾಗಿ ನನಗಿಂತ ಹಿಂದೆ.

ಇದರಲ್ಲಿ ಮ್ಯಾಜಿಕ್ ಏನಿಲ್ಲ, ಬರೀ ಲೆಕ್ಕ. 2013ರಲ್ಲಿ ಬಂದ ಬ್ರೇವ್ ನ್ಯೂ ವರ್ಲ್ಡ್ ಎಂಬ ಆಟದ ಹೆಚ್ಚುವರಿ ಭಾಗ ಹಾಕಿಕೊಂಡಿದ್ದರೆ, ಸಾಮಾನ್ಯ ಗಾತ್ರದ ಮ್ಯಾಪಿನಲ್ಲಿ ಪ್ರತಿ ಹೊಸ ಊರಿಗೂ ತಂತ್ರಜ್ಞಾನದ ಬೆಲೆ, ಅಂದರೆ ಅದನ್ನು ಕಲಿಯಲು ಬೇಕಾದ ವಿಜ್ಞಾನ, ಶೇ. 5ರಷ್ಟು ಏರುತ್ತದೆ. ಆ ಊರು ಬೆಳೆದು ತನ್ನ ಪಾಲು ದುಡಿಯುವವರೆಗೆ ನಮಗೆ ಹೊರೆಯೇ.

ಜನರ ಅಸಮಾಧಾನದ್ದು ಇನ್ನೊಂದು ಲೆಕ್ಕ. ಬೇರೆಯವರಿಗೆ ಊರಿಗೆ 3, ತಲೆಗೆ 1. ಗಾಂಧಿ ಆಳುವ ಭಾರತಕ್ಕೆ ಊರಿಗೆ 6, ತಲೆಗೆ ಅರ್ಧ. ಒಂದು ಊರಿನ ಜನಸಂಖ್ಯೆ 6 ಇರುವಾಗ ಎರಡೂ ಕಡೆ 9. ಅದೇ 20ಕ್ಕೆ ಏರಲಿ: ಅವರಿಗೆ 23, ನನಗೆ 16. ಊರು ಕಮ್ಮಿ ಇರಲಿ, ಜನ ಜಾಸ್ತಿ ಇರಲಿ ಅಂತ ಆಟವೇ ಹೇಳಿದ ಹಾಗಾಯ್ತು, ಅಲ್ವಾ?

ಹಾಗಾಗಿ ಶುರುವಿಗೆ ಟ್ರೆಡಿಷನ್ ಎಂಬ ನೀತಿಗಳ ಸರಣಿ ಹಿಡಿಯುತ್ತೇನೆ. ಅದನ್ನು ಪೂರ್ತಿ ಮಾಡಿದರೆ ಮೊದಲ ನಾಲ್ಕು ಊರಿಗೆ ಅಕ್ವಡಕ್ಟ್ (ಊರು ಬೇಗ ಬೆಳೆಯಲು ನೆರವಾಗುವ ನೀರಿನ ಕಾಲುವೆ) ಪುಕ್ಕಟೆ. ಆಮೇಲೆ ವಿಜ್ಞಾನ ಹೆಚ್ಚಿಸುವ ಕಟ್ಟಡ, ನ್ಯಾಷನಲ್ ಕಾಲೇಜು. ಅದಕ್ಕೆ ಎಲ್ಲ ಊರಲ್ಲೂ ಲೈಬ್ರರಿ ಇರಬೇಕು. ನನಗೆ ನಾಲ್ಕಾದರೆ ಆಯ್ತು, ಹತ್ತು ಊರಿನವನು ಹತ್ತೂ ಕಡೆ ಕಟ್ಟಬೇಕು. ರಾಜಧಾನಿಯಲ್ಲಿ ಕಾಲೇಜು ನಿಂತರೆ ಅಲ್ಲಿನ ವಿಜ್ಞಾನ ಅರ್ಧದಷ್ಟು ಜಾಸ್ತಿ. ಕ್ಯಾರವಾನ್‌ಗಳನ್ನು, ಅಂದರೆ ವ್ಯಾಪಾರದ ಗುಂಪುಗಳನ್ನು, ಹೊರದೇಶಕ್ಕೆ ಬಿಡದೆ ರಾಜಧಾನಿಗೇ ಧಾನ್ಯ ಹೊರಿಸುತ್ತೇನೆ. ಚಿನ್ನ ಕಮ್ಮಿ ಬರುತ್ತದೆ, ಬರಲಿ.

ಯುದ್ಧ ಬಂದರೆ? ಬಂದೇ ಬರುತ್ತದೆ, ಸಣ್ಣ ಸೈನ್ಯ ಕಂಡರೆ ಕಂಪ್ಯೂಟರ್ ಸುಮ್ನೆ ಕೂರುವುದಿಲ್ಲ. ನನ್ನ ಗಡಿಯ ಊರು ಬೆಟ್ಟಗಳ ಸಂದಿಯಲ್ಲೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಈ ಆಟದಲ್ಲಿ ಮ್ಯಾಪಿನ ಒಂದು ಮನೆಯಲ್ಲಿ ಒಂದೇ ಸೈನ್ಯದಳ ನಿಲ್ಲಬಹುದು. ಇಪ್ಪತ್ತು ದಳ ಬಂದರೂ ಸಂದಿಯಲ್ಲಿ ಎದುರಿಗೆ ಸಿಗುವುದು ಒಂದೋ ಎರಡೋ. ಉಳಿದವು ಹಿಂದೆ ಜಾಮ್. ಎರಡು ಮನೆ ದೂರದಿಂದ ನನ್ನ ಕ್ರಾಸ್‌ಬೋ ಬಿಲ್ಲುದಳ ಹೊಡೆಯುತ್ತದೆ, ಊರೂ ಹೊಡೆಯುತ್ತದೆ. ಕಲ್ಲೆಸೆಯುವ ಯಂತ್ರ ಕ್ಯಾಟಪಲ್ಟ್ ಕಂಡರೆ ಮೊದಲು ಅದನ್ನೇ ಉರುಳಿಸುತ್ತೇನೆ. ಸಜ್ಜಾಗದೆ ಅದು ಹೊಡೆಯಲಾರದು, ಆ ಹೊತ್ತು ನನಗೆ ಸಾಕು. ಗಡಿ ಬಯಲಾಗಿದ್ದರೆ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಸುತ್ತುವರಿದು ಮುಗಿಸುತ್ತಾರೆ.

2016ರ ಸಿವಿಲೈಸೇಶನ್ 6ರಲ್ಲಿ ಊರು ಹೆಚ್ಚಾಯಿತೆಂದು ತಂತ್ರಜ್ಞಾನದ ಬೆಲೆ ಏರುವುದಿಲ್ಲ. ಅಲ್ಲಿ ನಾನೂ ಜಾಗ ಕಂಡಲ್ಲೆಲ್ಲ ಊರು ಕಟ್ಟುತ್ತೇನೆ.