ಮನೆಯಲ್ಲೇ ಏರ್ ರೈಫಲ್ಲಿನ ಗುರಿ ಸರಿಮಾಡಿಕೊಂಡದ್ದು

ನನ್ನದು ಬ್ಯಾರೆಲ್ (ನಳಿಗೆ) ಮಡಚಿ ಲೋಡ್ ಮಾಡುವ, .177 ಇಂಚು ಒಳ ಅಗಲದ ಸ್ಪ್ರಿಂಗ್ ಏರ್ ರೈಫಲ್. ಹತ್ತು ಮೀಟರಿನಿಂದ ಐದು ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಡೆದರೆ ಸುಮಾರು 25 ಮಿ.ಮೀ. ಅಗಲಕ್ಕೆ ಚದುರುತ್ತಿದ್ದವು. ಸ್ಪರ್ಧೆಯ ಗುರಿಹಾಳೆಯಲ್ಲಿ ಇಡೀ ಕಪ್ಪು ವೃತ್ತವೇ 30.5 ಮಿ.ಮೀ., ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಬ್ಯಾರೆಲ್ ಹೋಗಿದೆ, ಬದಲಾಯಿಸು ಅಂದವರೇ ಜಾಸ್ತಿ. ನನಗೆ ಹಾಗೆ ಅನ್ನಿಸಲಿಲ್ಲ.

ಮೊದಲು ಕೈ ಹಾಕಿದ್ದು ಸ್ಟಾಕಿನ, ಅಂದರೆ ಬಂದೂಕು ಕೂರುವ ಮರದ ಹಿಡಿಯ, ಸ್ಕ್ರೂಗಳಿಗೆ. ಸ್ಪ್ರಿಂಗ್ ಗನ್ ಎರಡು ಕಡೆಗೆ ಒದೆಯುತ್ತದೆ. ಒಳಗೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತಲು ಮುಂದೆ ನುಗ್ಗುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ತುದಿಗೆ ಬಂದು ನಿಂತಾಗ ಮುಂದಕ್ಕೆ. ಪೆಲೆಟ್ ಹೊರಗೆ ಬರುವ ಮೊದಲೇ ಈ ಅಲುಗಾಟ ಶುರುವಾಗಿರುತ್ತದೆ, ಹಾಗಾಗಿ ಸ್ಕ್ರೂ ಒಂದು ಚೂರು ಸಡಿಲವಾಗಿದ್ದರೂ ಪ್ರತಿ ಗುಂಡಿಗೂ ಬಂದೂಕು ಸ್ಟಾಕಿನಲ್ಲಿ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಮುಂದಿನ ಎರಡು ಸ್ಕ್ರೂ ಕೈಯಲ್ಲೇ ತಿರುಗುತ್ತಿದ್ದವು! ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿ ಬಿಗಿ ಮಾಡಿದೆ. ಅತಿಯಾಗಿ ಬಿಗಿ ಮಾಡಬೇಡಿ, ಮರ ನುಜ್ಜಾಗುತ್ತದೆ. ಇದೊಂದರಿಂದಲೇ ಗ್ರೂಪ್, ಅಂದರೆ ಪೆಲೆಟ್‌ಗಳು ಚದುರುವ ಅಗಲ, 15 ಮಿ.ಮೀ. ಹತ್ತಿರ ಬಂತು.

ಆಮೇಲೆ ಬ್ರೀಚ್ ಸೀಲ್, ಅಂದರೆ ಬ್ಯಾರೆಲ್ಲಿನ ಹಿಂತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಉಂಗುರ (ಓ-ರಿಂಗ್). ಬ್ಯಾರೆಲ್ ಮಡಚುವ ಜಾಗದ ಮೇಲೆ ತೆಳುವಾದ ಟಿಶ್ಯೂ ಚೂರು ಇಟ್ಟು, ಪೆಲೆಟ್ ಹಾಕಿಯೇ ಗುರಿಯತ್ತ ಹೊಡೆಯಿರಿ. ಟಿಶ್ಯೂ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ ಅಂತ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಪಿಸ್ಟನ್ ಸೀಲ್ ಹಾಳಾಗುತ್ತದೆ. ಅದೇ ಅಳತೆಯ ಹೊಸ ಓ-ರಿಂಗ್ ಹಾಕಿದೆ. ಬ್ಯಾರೆಲ್ ಒಳಗೆ ನೈಲಾನ್ ದಾರದಲ್ಲಿ ಬಟ್ಟೆ ಚೂರು ಎಳೆದೆ ಅಷ್ಟೆ, ಕಬ್ಬಿಣದ ಕಡ್ಡಿ ಬೇಡ. ಪಿಸ್ಟನ್ ಓಡಾಡುವ ಸಿಲಿಂಡರಿಗೆ ಮೆಷಿನ್ ಎಣ್ಣೆ ಅಂತೂ ಬೇಡವೇ ಬೇಡ, ಒತ್ತಡಕ್ಕೆ ಅದು ಹೊತ್ತಿಕೊಂಡು ವೇಗ ಒಂದೊಂದು ಸಲ ಒಂದೊಂದು ಥರ ಆಗುತ್ತದೆ.

ಪೆಲೆಟ್ ವಿಷಯವನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಒಂದೇ ಡಬ್ಬಿಯಲ್ಲೂ ಹಿಂಭಾಗ ಸೊಟ್ಟಗಾದವು ಇರುತ್ತವೆ, ಅವನ್ನು ಆರಿಸಿ ತೆಗೆಯಬೇಕು. ನಾಲ್ಕೈದು ಬಗೆಯ ಪೆಲೆಟ್ ಹೊಡೆದು ನೋಡಿದ ಮೇಲೆ ನನ್ನ ಬ್ಯಾರೆಲ್ಲಿಗೆ ಚಪ್ಪಟೆ ತಲೆಯ 0.53 ಗ್ರಾಂ ಪೆಲೆಟ್ ಒಗ್ಗಿತು. ಪಕ್ಕದವರ ಬಂದೂಕಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕು ಅಂತೇನಿಲ್ಲ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಇನ್ನು ಸೈಟ್, ಅಂದರೆ ಕಣ್ಣಿಟ್ಟು ಗುರಿ ಹಿಡಿಯುವ ಭಾಗ. ಅದರ ಸ್ಕ್ರೂಗಳನ್ನು ಪ್ರತಿ ಸಲ ಹೊಡೆಯುವ ಮುಂಚೆ ನೋಡುತ್ತೇನೆ. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಸ್ವಲ್ಪ ಮುಂಚೆ ಶೂಟರ್ ಅಭಿನವ್ ಬಿಂದ್ರಾ ಅವರ ಸೈಟೇ ಸರಿದಿತ್ತು, ಅಭ್ಯಾಸದ ಗುಂಡುಗಳಲ್ಲಿ ಗೊತ್ತಾಗಿ ಸರಿಮಾಡಿಕೊಂಡು ಚಿನ್ನ ಗೆದ್ದರು. ಅಂಥವರಿಗೇ ಹಾಗಾದರೆ ನಮ್ಮದು ಸರಿಯದೇ ಇರುತ್ತಾ?

ಕೊನೆಯದು ಹಿಡಿತ. ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಅಮುಕಬಾರದು. ತೆರೆದ ಅಂಗೈ ಮೇಲೆ ಇಟ್ಟು, ಅದು ತನ್ನಷ್ಟಕ್ಕೆ ಒದೆಯಲು ಬಿಡಬೇಕು, ಕೈ ಇಡುವ ಜಾಗ ಮಾತ್ರ ಪ್ರತಿ ಸಲವೂ ಒಂದೇ ಇರಬೇಕು. ಈಗ ಗ್ರೂಪ್ 8 ಮಿ.ಮೀ. ಆಸುಪಾಸಿನಲ್ಲಿದೆ.

ಟ್ರಿಗರ್ ಒಳಗಿನ ಭಾಗ ಉಜ್ಜುವುದು, ಜೋರು ಸ್ಪ್ರಿಂಗ್ ಹಾಕುವುದು, ಎರಡನ್ನೂ ನಾನು ಮಾಡಲಿಲ್ಲ. ಉಜ್ಜಿದ ಟ್ರಿಗರ್ ತಾನಾಗಿಯೇ ಬಿಡುಗಡೆಯಾದರೆ, ಮಡಚಿದ ಬ್ಯಾರೆಲ್ ರಪ್ಪನೆ ಮುಚ್ಚಿಕೊಂಡು ಬೆರಳು ಹೋಗುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಪೆಲೆಟ್ ಹೊರಬರುವಾಗಿನ ಶಕ್ತಿ 20 ಜೂಲ್ ದಾಟಿದರೆ ಏರ್ ಗನ್ನಿಗೂ ಪರವಾನಗಿ ಬೇಕು. ಹತ್ತು ಮೀಟರಿಗೆ ಅಷ್ಟು ಶಕ್ತಿಯೂ ಬೇಡ, ಇದೇ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದರೂ 10.6 ಜೂಲ್ ಅಷ್ಟೇ.