ವಿಂಡೋಸ್ 11 ಬೇಡ ಅಂದ ಆರು ಡಬ್ಬಗಳು

"ಗುಜರಿಗೆ ದುಡ್ಡು ಹಾಕ್ತೀಯಲ್ಲೋ, ತಲೆ ಸರಿ ಇದೆಯಾ?" ಅಂತ ನಮ್ಮ ಮಾವ ಅಂದಿದ್ದು 2025ರ ಯುಗಾದಿಯ ಹಿಂದಿನ ವಾರ. ಹಾಕಿದ ದುಡ್ಡು 2026ರ ಜನವರಿಗೆ ಪೂರ್ತಿ ವಾಪಸ್ ಬಂತು. ಮಾವ ಈಗ ಆ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ, ಆದರೆ ಬರೆಯುವುದಕ್ಕೆ ಏನಡ್ಡಿ?

ನಂದು ಕಂಪ್ಯೂಟರ್ ರಿಪೇರಿ ಅಂಗಡಿ, ಕೊಬ್ಬರಿ ಸೀಮೆಯ ಒಂದು ತಾಲ್ಲೂಕು ಊರಲ್ಲಿ. ಪಕ್ಕದ ಹತ್ತು ಅಡಿ ಕೋಣೆ ಖಾಲಿ ಇತ್ತು. ಅಲ್ಲಿ ಆರು ಸೀಟಿನ ಗೇಮಿಂಗ್ ಸೆಂಟರ್ ಮಾಡಬೇಕು, ಅದೂ ಆಫೀಸಿನವರು ಬಿಸಾಕಿದ ಮಿಷನ್‌ಗಳಲ್ಲಿ, ಅದೂ ವಿಂಡೋಸ್ ಬದಲು ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ಅಂತ ನನ್ನ ಲೆಕ್ಕ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯುತ್ತದೆ ಅಂತ ಮೊದಲೇ ಗೊತ್ತಿತ್ತಲ್ಲ. ಇಂಟೆಲ್ ಏಳನೇ ಜನರೇಶನ್‌ವರೆಗಿನ ಹೆಚ್ಚುಕಮ್ಮಿ ಎಲ್ಲ ಮಿಷನ್‌ಗಳನ್ನೂ ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ ಕಂಪನಿಗಳು ಚೆನ್ನಾಗಿ ಓಡುತ್ತಿರುವ ಮಾಲನ್ನೇ ರಾಶಿ ರಾಶಿ ಹೊರಗೆ ಹಾಕುತ್ತಿದ್ದವು. ಆರನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಡಿಸ್ಕ್ ಇಲ್ಲದ್ದು ನನಗೆ ಒಂದಕ್ಕೆ ಏಳೂವರೆ ಸಾವಿರದ ಹತ್ತಿರ ಬಿತ್ತು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅದೇ ಮಾಲಿಗೆ ಹತ್ತು ಹೇಳುತ್ತಿದ್ದರು. ನಾನು ಎಲ್ಲಿಂದ ತಂದೆ ಅನ್ನುವುದನ್ನು ಮಾತ್ರ ಕೇಳಬೇಡಿ.

ಮೊದಲ ಪೆಟ್ಟು ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಬಿತ್ತು. ಸಣ್ಣ ಡಬ್ಬ, ಲೋ ಪ್ರೊಫೈಲ್, ಅಂದರೆ ಗಿಡ್ಡ ಕಾರ್ಡೇ ಬೇಕು, ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಬೇರೆ ಪವರ್ ವೈರೂ ಇಲ್ಲ. ಸುಮ್ನೆ ಅಗ್ಗ ಅಂತ ಆರು ಜಿಟಿ 730 ತಂದೆ. ಒಂಬತ್ತು ಸಾವಿರ ಹೋಯಿತು. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನಲ್ಲಿ ಗೇಮ್ ಎದ್ದೇಳಲೇ ಇಲ್ಲ. ಅದರೊಳಗೆ ಗ್ರಾಫಿಕ್ಸ್ ನೋಡಿಕೊಳ್ಳುವ ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆಯ 1.3 ಬೇಕು, ಆ ಕಾರ್ಡ್ 1.2ರಲ್ಲೇ ನಿಂತಿದೆ. ಮೂರು ರಾತ್ರಿ ಡ್ರೈವರ್ ಜೊತೆ ಕುಸ್ತಿ ಆಡಿದ ಮೇಲೆ ಇದು ಗೊತ್ತಾಯಿತು. ಓದಿ ತರಬೇಕಿತ್ತು, ಅಷ್ಟೇ.

ಆಮೇಲೆ ಎರಡು 1050 ಟಿಐ ಕೊಂಡೆ. ಅದರಲ್ಲಿ ಒಂದು ನಕಲಿ. ಮೇಲೆ ಸ್ಟಿಕ್ಕರ್ ಪಳಪಳ, ಒಳಗೆ ಹದಿನಾಲ್ಕು ಹದಿನೈದು ವರ್ಷ ಹಳೆಯ ಫರ್ಮಿ ಚಿಪ್. ಕಾರ್ಡ್‌ನೊಳಗಿನ ಸಾಫ್ಟ್‌ವೇರ್, ಅಂದರೆ ಬಯಾಸ್ ತಿದ್ದಿ ಹೆಸರು ಬದಲಾಯಿಸಿದ್ದಾರೆ. ವಾಪಸ್ ಕೊಡಲು ಹೋದರೆ ಅಂಗಡಿಯವನು "ನೀವೇ ಚಿಪ್ ಬದಲಾಯಿಸಿದ್ದೀರಿ" ಅಂದ! ಹಿಂದೆ ವಿಜಿಎ ಪೋರ್ಟ್ ಇರುವ 1050 ಟಿಐ ಕಂಡರೆ ಮುಟ್ಟದೆ ಬನ್ನಿ. ಅಸಲಿ 1050 ಟಿಐ ಪೀಳಿಗೆಯ ಚಿಪ್‌ಗಳಲ್ಲಿ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ಟೇ ಇಲ್ಲ. ಕೊನೆಗೆ ಐದು ಸೀಟಿಗೆ ಹಳೆಯ ಆರ್‌ಎಕ್ಸ್ 550 ಹಾಕಿದೆ, ಮೂರು ಮೂರೂವರೆ ಸಾವಿರದ ಆಸುಪಾಸು. ಇದು ಎಎಂಡಿ ಕಾರ್ಡ್, ನಾನು ಹಾಕಿದ ಲಿನಕ್ಸ್ ಮಿಂಟ್‌ನಲ್ಲಿ ಅದಕ್ಕೆ ಡ್ರೈವರ್ ಹುಡುಕುವ ತಲೆನೋವಿಲ್ಲ. ಅದೇ ಅರ್ಧ ನೆಮ್ಮದಿ.

ಕೌಂಟರ್ ಸ್ಟ್ರೈಕ್ 2 ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ. ಸೆಟ್ಟಿಂಗ್ ಎಲ್ಲ ಕೆಳಗೆ ಇಳಿಸಿ, ರೆಸಲ್ಯೂಶನ್ ಕಡಿಮೆ ಮಾಡಿದರೆ ಐವತ್ತು, ಅರವತ್ತು ಫ್ರೇಮ್ ಬರುತ್ತದೆ. ಹೊಗೆ ಬಾಂಬ್ ಬಿದ್ದಾಗ ಮೂವತ್ತೈದಕ್ಕೆ ಇಳಿಯುತ್ತದೆ. ನಮ್ಮ ಹುಡುಗರಿಗೆ ಅಷ್ಟು ಸಾಕು. ಡೋಟಾ 2 ಸಲೀಸು. ವ್ಯಾಲೊರಂಟ್ ಆಸೆ ಬಿಟ್ಟುಬಿಡಿ, ಅದರಲ್ಲಿ ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ಲಿನಕ್ಸ್ ಹತ್ತಿರವೂ ಬರುವುದಿಲ್ಲ. ಜಿಟಿಎ 5ರ ಆನ್‌ಲೈನ್ ಕೂಡ 2024ರ ಸೆಪ್ಟೆಂಬರ್‌ನಿಂದ ನಮ್ಮ ಪಾಲಿಗಿಲ್ಲ. ಒಬ್ಬನೇ ಆಡುವ ಕಥೆ ಮಾತ್ರ ಓಡುತ್ತದೆ. ಎಲ್ಲರೂ ಗೇಮ್ ಮಾರುವ, ಇಳಿಸುವ ಸ್ಟೀಮ್‌ನ ಅವರವರ ಅಕೌಂಟ್‌ನಲ್ಲೇ ಆಡಬೇಕು ಅಂತ ಮೊದಲ ದಿನವೇ ಬೋರ್ಡ್ ಹಾಕಿದೆ.

ತೆರೆದ ಮೊದಲ ಭಾನುವಾರ ದೊಡ್ಡ ಅವಮಾನ ಆಯಿತು. ಆರೂ ಸೀಟು ತುಂಬಿದೆ, ಟೈಮರ್ ಓಡುತ್ತಿದೆ, ಪರದೆ ಮೇಲೆ ಶೇಡರ್ ಲೆಕ್ಕ, ಅಂದರೆ ಗೇಮ್ ಮುಂಚಿನ ಗ್ರಾಫಿಕ್ಸ್ ತಯಾರಿ, ನಿಧಾನಕ್ಕೆ ತೆವಳುತ್ತಿದೆ. ಹನ್ನೆರಡು ನಿಮಿಷ! "ಅಣ್ಣ, ನಮ್ ದುಡ್ಡು ಓಡ್ತಿದೆ, ಗೇಮ್ ಓಡ್ತಿಲ್ಲ" ಅಂದ ಒಬ್ಬ. ಅವತ್ತು ಯಾರ ಹತ್ತಿರವೂ ಕಾಸು ತೆಗೆದುಕೊಳ್ಳಲಿಲ್ಲ. ಈಗ ಅಪ್‌ಡೇಟ್ ಬಂದ ದಿನ ಬೆಳಿಗ್ಗೆ ಏಳಕ್ಕೇ ಬಂದು, ಒಂದು ಮಿಷನ್‌ನಲ್ಲಿ ಇಳಿಸಿಕೊಂಡು, ಸ್ಟೀಮ್‌ನ ಲೋಕಲ್ ಟ್ರಾನ್ಸ್‌ಫರ್‌ನಿಂದ ಮಿಕ್ಕ ಐದಕ್ಕೂ ದಾಟಿಸಿ, ಶೇಡರ್ ಮುಗಿಸಿ ಆಮೇಲೆ ಕಾಫಿಗೆ ಹೋಗುತ್ತೇನೆ. ಹಳೆಯ 100 ಎಂಬಿ ಸ್ವಿಚ್ಚಿನಲ್ಲಿ 40 ಜಿಬಿ ದಾಟಿಸಲು ಒಂದು ಗಂಟೆ ಹಿಡಿಯುತ್ತಿತ್ತು. ಗಿಗಾಬಿಟ್ ಸ್ವಿಚ್ ಹಾಕಿದ ಮೇಲೆ ಹತ್ತು ನಿಮಿಷವೂ ಬೇಡ. ಒಬ್ಬ ಎದ್ದುಹೋದ ಕೂಡಲೇ ಅವನ ಗುರುತೆಲ್ಲ ಅಳಿಸಿ ಮಿಷನ್ ಹೊಸದಾಗುವ ಹಾಗೆ ಒಂದು ಏರ್ಪಾಡು ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಊರಿನಲ್ಲಿ ಒಬ್ಬರು ಅದಕ್ಕೇ ಕಾಯುತ್ತಿದ್ದಾರೆ.

ಇನ್ನೊಂದು ತಮಾಷೆ. ಅಭಿಮಾನಕ್ಕೆ ಬಿದ್ದು ಮೂರನೇ ಸೀಟಿನ ಡೆಸ್ಕ್‌ಟಾಪ್ ಪೂರ್ತಿ ಕನ್ನಡಕ್ಕೆ ತಿರುಗಿಸಿದೆ. ಎಂಟನೇ ಕ್ಲಾಸಿನ ಹುಡುಗ, ಕನ್ನಡ ಮೀಡಿಯಂನವನೇ, ಮೆನು ನೋಡಿ "ಅಣ್ಣ, ಕಡತ ಅಂದ್ರೆ ಏನು?" ಅಂದ. ಫೈಲ್ ಅಂದೆ. "ಹಂಗಂತ ಬರೀಬಹುದಿತ್ತಲ್ವಾ?" ಅಂದ. ಉತ್ತರ ಇರಲಿಲ್ಲ. ವಾರಕ್ಕೆ ವಾಪಸ್ ಇಂಗ್ಲಿಷ್ ಮಾಡಿದೆ. ಲಿನಕ್ಸ್‌ನಲ್ಲಿ ಆಂಡ್ರಾಯ್ಡ್ ಓಡಿಸುವ ವೇಡ್ರಾಯ್ಡ್ ಹಾಕಿ ಫೋನ್ ಗೇಮ್ ಓಡಿಸುವ ಪ್ರಯತ್ನವೂ ಮಾಡಿದೆ. ಹತ್ತು ದಿನ ದಂಡ.

ಆಗಸ್ಟ್‌ನಲ್ಲಿ ಬೇರೆ ಕಾಟ. 20ಕ್ಕೆ ಲೋಕಸಭೆಯಲ್ಲಿ ಗದ್ದಲದ ಮಧ್ಯೆ ಆನ್‌ಲೈನ್ ಗೇಮಿಂಗ್ ಮಸೂದೆ ಪಾಸಾಯಿತು, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಸಹಿ. ಟಿವಿಯಲ್ಲಿ "ಗೇಮಿಂಗ್ ಬ್ಯಾನ್" ಅಂತ ಕೆಂಪಕ್ಷರ. ಮಾರನೇ ದಿನ ಮೂವರು ಅಪ್ಪಂದಿರು ಬಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ವಾರದಲ್ಲಿ ಪೊಲೀಸ್ ಒಬ್ಬರು ಬಂದು, "ಏನಪ್ಪಾ, ರಮ್ಮಿ ಆಡಿಸ್ತೀಯಂತೆ?" ಅಂದರು. "ಇಲ್ಲ ಸಾರ್, ಬನ್ನಿ ನೋಡಿ" ಅಂತ ಕೂರಿಸಿ ಸ್ಕ್ರೀನ್ ತೋರಿಸಿದೆ. ಕಾಯ್ದೆ ನಿಲ್ಲಿಸಿದ್ದು ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವುದನ್ನು. ಇ-ಸ್ಪೋರ್ಟ್ಸ್‌ಗೆ, ಅಂದರೆ ಪಂದ್ಯದ ವಿಡಿಯೋ ಗೇಮ್‌ಗೆ, ಅದರಲ್ಲೇ ಬೇರೆ ಜಾಗ ಇದೆ. ಆ ಪುಟದ ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿಸಿ ಬಾಗಿಲ ಪಕ್ಕ ತೂಗುಹಾಕಿದೆ. ನಲವತ್ತು ರೂಪಾಯಿ ಖರ್ಚು. ಇಡೀ ಸೆಂಟರ್‌ನಲ್ಲಿ ಅತಿ ಲಾಭದ ಬಂಡವಾಳ ಅದೇ.

ನನ್ನನ್ನು ಕೇಳಿದರೆ ಬ್ಯಾನ್ ಮಾಡಿದ್ದು ಸರಿ. ನಮ್ಮ ಬೀದಿಯ ಹುಡುಗನೊಬ್ಬ ರಮ್ಮಿ ಆ್ಯಪ್‌ನಲ್ಲಿ ಅಪ್ಪನ ಕೊಬ್ಬರಿ ಮಾರಿದ ದುಡ್ಡೆಲ್ಲ ಕಳೆದ. ಆದರೆ 2023ರ ಅಕ್ಟೋಬರ್‌ನಿಂದ ಅದೇ ಆಟಗಳಿಗೆ 28 ಪರ್ಸೆಂಟ್ ಜಿಎಸ್‌ಟಿ ಹಾಕಿ ವಸೂಲಿ ಮಾಡಿದ್ದೂ ಇದೇ ಸರ್ಕಾರ ಅಲ್ವಾ? ತೆರಿಗೆ ತಿನ್ನುವಾಗ ಗೊತ್ತಾಗದ ಕೆಟ್ಟತನ ಎರಡು ವರ್ಷ ಬಿಟ್ಟು ಗೊತ್ತಾಯಿತಾ? ರಾಜ್ಯದವರನ್ನೂ ಬಿಡುವುದಿಲ್ಲ. 2021ರಲ್ಲಿದ್ದ ರಾಜ್ಯ ಸರ್ಕಾರ ಇಂಥ ಆಟ ತಡೆಯಲು ಅವಸರಕ್ಕೆ ಒಂದು ಕಾನೂನು ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಈ ವಾದ ಅಂಗಡಿಯಲ್ಲಿ ಎರಡೂ ಪಕ್ಷದವರ ಮುಂದೆ ಮಾಡಿದ್ದೇನೆ. ಎರಡೂ ಕಡೆಯವರು ಮುಖ ಊದಿಸಿಕೊಂಡು ಹೋದರು.

ಇನ್ನು ಲೆಕ್ಕ. ನೆನಪಿದ್ದಷ್ಟು ಹೇಳುತ್ತೇನೆ. ಹಳೆಯ ಮಾನಿಟರ್, ಎಸ್‌ಎಸ್‌ಡಿ, ಕೀಬೋರ್ಡ್, ಯುಪಿಎಸ್, ಮೇಜು, ದಂಡವಾದ ಕಾರ್ಡ್‌ಗಳೂ ಸೇರಿ ಒಟ್ಟು ಒಂದೂಕಾಲು ಲಕ್ಷ ಹತ್ತಿರ. ಗಂಟೆಗೆ 30 ರೂಪಾಯಿ. ಬೇಸಿಗೆ ರಜೆಯಲ್ಲಿ ಕರೆಂಟು, ಇಂಟರ್‌ನೆಟ್ ಕಳೆದು ತಿಂಗಳಿಗೆ ಹದಿನೆಂಟು ಸಾವಿರದವರೆಗೆ ಉಳಿದಿತ್ತು. ಪರೀಕ್ಷೆ ತಿಂಗಳು ಆರೇ ಸಾವಿರ. ಗೃಹಜ್ಯೋತಿಯ ಬಿಟ್ಟಿ ಕರೆಂಟು ಮನೆಗೆ ಮಾತ್ರ, ಅಂಗಡಿ ಮೀಟರ್‌ಗೆ ಇಲ್ಲ. ಹಾಗಾಗಿ ಮಾಸ್ಟರ್ ಸ್ವಿಚ್ ರಾತ್ರಿ ನಾನೇ ಆಫ್ ಮಾಡುತ್ತೇನೆ. ಒಂದು ಮಾತು, ಮೊದಲು ಅರ್ಥಿಂಗ್ ನೋಡಿಸಿಕೊಳ್ಳಿ. ನಮ್ಮ ಎರಡನೇ ಸೀಟಿನ ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಹುಡುಗರು ಅದಕ್ಕೆ "ಕರೆಂಟ್ ಸೀಟು" ಅಂತ ಹೆಸರಿಟ್ಟ ಮೇಲೆ ನನಗೆ ಗೊತ್ತಾಗಿದ್ದು.

ಏಳನೇ ಮಿಷನ್ ಹಾಕಬೇಕು ಅಂತ ನವೆಂಬರ್‌ನಲ್ಲೇ ತಂದೆ. ಅಷ್ಟರಲ್ಲಿ ರ‍್ಯಾಮ್ ರೇಟು ಹಾರಿತು. ಯುಗಾದಿಗೆ 900ಕ್ಕೆ ತಂದಿದ್ದ ಹಳೆಯ 8 ಜಿಬಿ ಕಡ್ಡಿಗೆ ಡಿಸೆಂಬರ್‌ನಲ್ಲಿ ಎರಡೂವರೆ ಸಾವಿರ ಕೇಳಿದರು. ಎಐ ಡೇಟಾ ಸೆಂಟರ್‌ಗಳೇ ಎಲ್ಲ ನುಂಗುತ್ತಿವೆ. ರ‍್ಯಾಮ್ ಚಿಪ್ ಮಾಡುವ ಮೈಕ್ರಾನ್ ಕಂಪನಿ ಗುಜರಾತಿನ ಸಾಣಂದ್‌ನಲ್ಲಿ ಘಟಕ ಹಾಕುತ್ತದೆ, ಚಿಪ್ ನಮ್ಮಲ್ಲೇ ಅಂತ 2023ರಲ್ಲಿ ಎಷ್ಟು ಸಂಭ್ರಮ ಇತ್ತು. ಅದೇ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ, ನಮ್ಮಂಥವರು ಕೊಳ್ಳುವ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಮಾಲನ್ನೇ ನಿಲ್ಲಿಸುತ್ತೇನೆ ಅಂತು. ಏಳನೇ ಡಬ್ಬ ಸದ್ಯಕ್ಕೆ ಕೌಂಟರ್ ಪಕ್ಕ ಇದೆ. ಮೇಲೆ ಜೆರಾಕ್ಸ್ ಪೇಪರ್ ಬಂಡಲ್ ಇಟ್ಟಿದ್ದೇನೆ.