ಮೈಕ್ ಒತ್ತಿದರೆ ಸೈರನ್ ನಿಲ್ಲುತ್ತಿತ್ತು: ನನ್ನ ಅನುಭವ

"ಸಾರ್, ಮೈಕ್ ಒತ್ತಿದ್ರೆ ಸೈರನ್ ನಿಂತೋಗುತ್ತೆ. ಒಂದೊಂದ್ ಸಲ ರಾಗಾನೇ ಬದಲಾಗುತ್ತೆ." ಆಂಬುಲೆನ್ಸ್ ಚಾಲಕರು ಹೇಳಿದ್ದು ಇಷ್ಟೇ. ಒಳಗೆ ರೋಗಿ ಇರುವಾಗ ವೈರ್‌ಲೆಸ್ ಸೆಟ್‌ನ ಮೈಕ್ ಒತ್ತಿ ಆಸ್ಪತ್ರೆಯ ಜೊತೆ ಮಾತಾಡಲೇಬೇಕು. ಸೈರನ್ ಕೈಕೊಡುತ್ತಿದ್ದದ್ದೂ ಅದೇ ಹೊತ್ತಿಗೆ. ಇಂಥ ತೊಂದರೆಯನ್ನು ಅರ್ಧಕ್ಕೆ ಬಿಡೋ ಹಾಗಿಲ್ಲ.

ಈ ಗಾಡಿಯಲ್ಲಿ ಸೈರನ್‌ಗೆ ಬೇರೆ ಸ್ವಿಚ್ ಇಲ್ಲ. ವೈರ್‌ಲೆಸ್ ಸೆಟ್‌ನ ಒಂದು ಬಟನ್ನೇ ಸ್ವಿಚ್. ಅದನ್ನು ಒತ್ತಿದರೆ ಸೆಟ್‌ನ ಹಿಂದಿನ ಕನೆಕ್ಟರ್‌ನಲ್ಲಿರುವ ಒಂದು ಪಿನ್ ಅರ್ಥ್‌ಗೆ, ಅಂದರೆ ಬ್ಯಾಟರಿ ಮೈನಸ್‌ಗೆ ಸೇರಿದ ಗಾಡಿಯ ಬಾಡಿಗೆ, ಸೇರುತ್ತದೆ; ರಿಲೇ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್, ಎಳೆಯುತ್ತದೆ; ಸೈರನ್ ಕೂಗುತ್ತದೆ. ಈ ಪಿನ್ ತಾನಾಗಿ 12 ವೋಲ್ಟ್ ಕೊಡುವುದಿಲ್ಲ, ಅರ್ಥ್‌ಗೆ ಎಳೆಯುತ್ತದೆ ಅಷ್ಟೇ. ಇದು ಗೊತ್ತಿಲ್ಲದೆ ವೈರ್ ಬಿಚ್ಚಿ, ಬರೀ ಪಿನ್ನಿಗೆ ಮೀಟರ್ ಇಟ್ಟು, ವೋಲ್ಟ್ ಇಲ್ಲ ಅಂತ ಸೆಟ್ಟನ್ನೇ ಬದಲಿಸುವವರಿದ್ದಾರೆ. ರಿಲೇ ಜೋಡಿಸಿಯೇ ನೋಡಬೇಕು: ಸುಮ್ನಿದ್ದಾಗ 12, ಬಟನ್ ಒತ್ತಿದಾಗ ಸೊನ್ನೆಯ ಹತ್ತಿರ. ನನಗೆ ಸರಿಯಾಗೇ ಬಂತು. ಕೆಲವು ಕಡೆ ಮೈಕ್ ಒತ್ತಿದಾಗ ಸೈರನ್ ನಿಲ್ಲಲಿ ಅಂತ ಬೇಕೆಂದೇ ಸೆಟ್ಟಿಂಗ್ ಮಾಡಿರುತ್ತಾರೆ. ಇಲ್ಲಿ ಹಾಗೆ ಇರಲಿಲ್ಲ.

ಕೆಲಸ ಶುರು ಮಾಡುವ ಮೊದಲು ಸೈರನ್‌ನ ಸ್ಪೀಕರ್ ಬಿಚ್ಚಿ, ಆ ಜಾಗಕ್ಕೆ ಸದ್ದು ಮಾಡದೆ ಬರೀ ಬಿಸಿಯಾಗುವ 10 ಓಮ್, 100 ವ್ಯಾಟ್ ರೆಸಿಸ್ಟರ್ ಹಾಕಿದೆ. 100 ವ್ಯಾಟ್ ಸೈರನ್ ಪಕ್ಕದಲ್ಲಿ ಕೂತು ಕೆಲಸ ಮಾಡಿದರೆ ಕಿವಿ ಹಾಳಾಗುತ್ತದೆ, ಇದರಲ್ಲಿ ಉದಾಸೀನ ಬೇಡ.

ಮೈಕ್ ಒತ್ತಿದಾಗ ಒಟ್ಟಿಗೆ ಎರಡು ಸಂಗತಿ ನಡೆಯುತ್ತವೆ. ಸೆಟ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಂಟೆನಾದಿಂದ ರೇಡಿಯೊ ಅಲೆ ಹೊರಡುತ್ತದೆ. ತೊಂದರೆ ಯಾವುದರಿಂದ ಅಂತ ತಿಳಿಯಲು ಆಂಟೆನಾ ಕೇಬಲ್ ಬಿಚ್ಚಿ, ಅದರ ಜಾಗಕ್ಕೆ ಅಲೆಯ ಶಕ್ತಿಯನ್ನು ತನ್ನೊಳಗೇ ಬಿಸಿಯಾಗಿಸಿಬಿಡುವ ಡಮ್ಮಿ ಲೋಡ್ ಹಾಕಿದೆ. ಆಗ ಕರೆಂಟ್ ಅಷ್ಟೇ ಹರಿಯುತ್ತದೆ, ಅಲೆ ಮಾತ್ರ ಹೊರಗೆ ಬರುವುದಿಲ್ಲ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಡಮ್ಮಿ ಲೋಡ್ ಇಲ್ಲದೆ ಆಂಟೆನಾ ಬಿಚ್ಚಿ ಮೈಕ್ ಒತ್ತಲೇಬಾರದು, ಸೆಟ್ ಸುಟ್ಟುಹೋಗಬಹುದು.

ಮೈಕ್ ಒತ್ತಿದೆ. ರಾಗ ಬದಲಾಗುವುದು ನಿಂತಿತು, ಆದರೆ ಸೈರನ್ ಆಫ್ ಆಗುವುದು ಹಾಗೇ ಇತ್ತು. ಅಂದರೆ ಇರೋದು ಎರಡು ಬೇರೆ ಬೇರೆ ತೊಂದರೆ!

ಮೊದಲು ಆಫ್ ಆಗುವುದನ್ನು ಹಿಡಿದೆ. ನಾನು ನೋಡುವಾಗ ಇಂಜಿನ್ ಓಡಿದರೆ ಅದು ಅಷ್ಟಾಗಿ ಕಾಣುತ್ತಿರಲಿಲ್ಲ, ನಿಂತಾಗ ಚೆನ್ನಾಗಿ ಕಾಣುತ್ತಿತ್ತು. ಇಂಜಿನ್ ಓಡಿದರೆ ವೋಲ್ಟೇಜ್ 14ರ ಹತ್ತಿರ ಇರುತ್ತದೆ, ಸ್ವಲ್ಪ ನಷ್ಟವಾದರೂ ಸೈರನ್ ಹೆಚ್ಚಾಗಿ ತಡೆದುಕೊಳ್ಳುತ್ತದೆ. ಮೀಟರ್‌ನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಸೈರನ್‌ನ ಅರ್ಥ್ ವೈರ್‌ಗೆ ಇಟ್ಟೆ. ಸೈರನ್ ಮಾತ್ರ ಆನ್ ಇದ್ದಾಗ 0.8 ವೋಲ್ಟ್. ಮೈಕ್ ಒತ್ತಿದ ಕೂಡಲೇ 1.9. ಸೊನ್ನೆಯ ಹತ್ತಿರ ಇರಬೇಕಾದ ಜಾಗ ಅದು; ಅಷ್ಟು ವೋಲ್ಟ್ ಸೈರನ್‌ಗೆ ಸಿಗದೆ ದಾರಿಯಲ್ಲೇ ಹೋಗುತ್ತಿತ್ತು. ಸೆಟ್ ಮತ್ತು ಸೈರನ್ ಎರಡರ ಅರ್ಥ್ ಲಗ್ಗೂ (ವೈರಿನ ತುದಿಯ ಲೋಹದ ಬಳೆ) ಒಂದೇ ಬೋಲ್ಟಿನಲ್ಲಿದ್ದವು. ಬಿಚ್ಚಿ ನೋಡಿದರೆ ಲಗ್ಗಿನ ಕೆಳಗೆ ಬಾಡಿ ಪೇಂಟ್ ಹಾಗೇ ಇತ್ತು, ಬೋಲ್ಟಿನ ಎಳೆಗಳಿಂದ ಮಾತ್ರ ಕರೆಂಟ್ ಹೋಗುತ್ತಿತ್ತು. ಸುತ್ತ ಕಂದು ತುಕ್ಕು. ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿದೆ. ಸೈರನ್‌ಗೆ ದಪ್ಪ ವೈರಿನ ಬೇರೆ ಅರ್ಥ್ ಕೊಟ್ಟು, ಬೋಲ್ಟುಗಳಿಗೆ ವ್ಯಾಸಲಿನ್ ಸವರಿದೆ. ಈಗ ಮೈಕ್ ಒತ್ತಿದರೂ ರೀಡಿಂಗ್ 0.1 ದಾಟಲಿಲ್ಲ.

ರಾಗದ ವಿಷಯ ಸುಲಭವಾಗಿಯೇ ಬಗೆಹರಿಯಿತು. ಸೈರನ್‌ನ ಕಂಟ್ರೋಲ್ ವೈರನ್ನು ಆಂಟೆನಾ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದರು. ಅಲೆ ಅದರೊಳಗೆ ನುಗ್ಗಿ, ರಾಗ ಬದಲಿಸು ಅಂತ ಹೇಳಿದ ಹಾಗೆ ಸೈರನ್‌ಗೆ ಅನಿಸುತ್ತಿತ್ತು. ವೈರನ್ನು ಬೇರೆ ದಾರಿಯಲ್ಲಿ ತಂದು, ಸೈರನ್‌ನ ಆಂಪ್ಲಿಫೈಯರ್ ಹತ್ತಿರ, ವೈರಿನಲ್ಲಿ ಬರುವ ರೇಡಿಯೊ ಅಲೆಯನ್ನು ತಡೆಯುವ ಫೆರೈಟ್ ಕ್ಲಿಪ್ ಹಾಕಿದೆ. ಇನ್ನೊಂದು ವಿಷಯ, ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರಲಿಲ್ಲ. ಗೆರೆ ಇರುವ ತುದಿ ಪ್ಲಸ್ ಕಡೆ ಬರುವಂತೆ ಒಂದು 1ಎನ್4007 ಡಯೋಡ್ ಹಾಕಿದೆ. ಅದಿಲ್ಲದಿದ್ದರೆ ರಿಲೇ ಬಿಡುವಾಗಿನ ಹೊಡೆತ ಇಂದಲ್ಲ ನಾಳೆ ಸೆಟ್‌ನ ಆ ಪಿನ್ನನ್ನೇ ತಿನ್ನುತ್ತದೆ.

ಕೊನೆಗೆ ಸ್ಪೀಕರ್, ಆಂಟೆನಾ ಎರಡನ್ನೂ ವಾಪಸ್ ಜೋಡಿಸಿ, ಇಂಜಿನ್ ಆಫ್ ಮಾಡಿ, ಪ್ರತಿ ಚಾನೆಲ್‌ನಲ್ಲೂ ಮೈಕ್ ಒತ್ತಿ ನೋಡಿದೆವು. ಮೈಕ್ ಚಾಲಕರ ಕೈಯಲ್ಲೇ ಇತ್ತು. ಸೈರನ್ ಒಂದೇ ರಾಗದಲ್ಲಿ ಕೂಗುತ್ತಲೇ ಇತ್ತು.